ಸಾಕಣೆ ಮೀನು-ಸೀಗಡಿಯಲ್ಲಿ ಪ್ರತಿಜೀವಕ ಶೇಷಾಂಶ: ಪ್ರಯೋಗಾಲಯದ ವರದಿಯನ್ನು ಓದುವ ಬಗೆ

ಸೀಗಡಿ ಸಂಸ್ಕರಿಸಿ ರಫ್ತು ಮಾಡುವ ಸಣ್ಣ ಘಟಕವೊಂದನ್ನು ಊಹಿಸಿಕೊಳ್ಳಬಹುದು. ಹತ್ತು ಹದಿನೈದು ಕೊಳಗಳಿಂದ ಕೊಂಡ ಸರಕನ್ನು ತೊಳೆದು, ತಲೆ ತೆಗೆದು, ಹೆಪ್ಪುಗಟ್ಟಿಸಿ ಕಂಟೇನರಿಗೆ ತುಂಬಲಾಗಿದೆ. ಪ್ರಯೋಗಾಲಯದ ವರದಿಯಲ್ಲಿ ಕ್ಲೋರಾಂಫೆನಿಕಾಲ್ ಎಂಬ ಹೆಸರಿನ ಎದುರು ‘ಪತ್ತೆಯಾಗಿಲ್ಲ’ ಎಂದು ನಮೂದಾಗಿದೆ. ಬ್ಯಾಂಕಿನ ಸಾಲ, ರೈತರಿಗೆ ಸಲ್ಲಬೇಕಾದ ಬಾಕಿ, ಕಾರ್ಮಿಕರ ಕೂಲಿ ಎಲ್ಲವೂ ಆ ಒಂದು ಮಾತಿನ ಮೇಲೆ ನಿಂತಿವೆ. ಕೆಲವು ವಾರಗಳ ಬಳಿಕ ಯೂರೋಪಿನ ಬಂದರೊಂದರಲ್ಲಿ ಅದೇ ಸರಕಿನ ಮಾದರಿಯಲ್ಲಿ ಕಿಲೋಗ್ರಾಮಿಗೆ 0.2 ಮೈಕ್ರೋಗ್ರಾಂ ಕ್ಲೋರಾಂಫೆನಿಕಾಲ್ ಕಂಡುಬಂದು, ಸರಕನ್ನು ತಡೆಹಿಡಿಯಲಾಗುತ್ತದೆ.

ಈ ಪ್ರಸಂಗದಲ್ಲಿ ಯಾರೂ ಸುಳ್ಳು ಹೇಳಿರಬೇಕೆಂದಿಲ್ಲ. ಮೊದಲ ಪ್ರಯೋಗಾಲಯದ ವಿಧಾನಕ್ಕೆ 0.3 ಮೈಕ್ರೋಗ್ರಾಮಿಗಿಂತ ಕಡಿಮೆ ಇರುವುದು ಕಾಣದು, ಎರಡನೆಯದಕ್ಕೆ ಕಾಣುತ್ತದೆ. ‘ಪತ್ತೆಯಾಗಿಲ್ಲ’ ಎಂಬುದಕ್ಕೆ ‘ಇಲ್ಲ’ ಎಂಬ ಅರ್ಥವಿಲ್ಲ. ‘ಈ ಯಂತ್ರಕ್ಕೆ, ಈ ವಿಧಾನದಲ್ಲಿ, ಇಷ್ಟರ ಕೆಳಗೆ ಕಾಣಲಿಲ್ಲ’ ಎಂಬುದಷ್ಟೇ ಅದರ ಅರ್ಥ. ಆ ‘ಇಷ್ಟು’ ಎಷ್ಟೆಂಬುದನ್ನು ವರದಿಯಲ್ಲಿ ಹುಡುಕಿ ಓದಬಲ್ಲ ವರ್ತಕನಿಗೂ ಓದಲಾರದ ವರ್ತಕನಿಗೂ ಇರುವ ಅಂತರ ಕೆಲವೊಮ್ಮೆ ಒಂದು ಇಡೀ ಕಂಟೇನರಿನ ಬೆಲೆಯಷ್ಟಾಗುತ್ತದೆ. ಮೀನು-ಸೀಗಡಿಯಲ್ಲಿ ಉಳಿಯುವ ಔಷಧಿಯ ಅಂಶವನ್ನು ಹೇಗೆ ಅಳೆಯುತ್ತಾರೆ, ಆ ಅಳತೆಯ ಫಲಿತಾಂಶವನ್ನು ವ್ಯಾಪಾರಿಯೂ ಸಣ್ಣ ತಯಾರಕನೂ ಹೇಗೆ ಅರ್ಥೈಸಿಕೊಳ್ಳಬೇಕು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಹಿನ್ನೆಲೆ

ಆಂಟಿಬಯಾಟಿಕ್ ಎಂದೇ ಬಳಕೆಯಲ್ಲಿರುವ ಪ್ರತಿಜೀವಕ ಔಷಧಿಗಳನ್ನು ಮೀನು ಸಾಕಣೆಯಲ್ಲಿ ಬ್ಯಾಕ್ಟೀರಿಯಾ ರೋಗಗಳ ನಿವಾರಣೆಗೆಂದು ಆಹಾರದಲ್ಲಿ ಬೆರೆಸಿ ಕೊಡುವ ರೂಢಿ ಹಲವು ದೇಶಗಳಲ್ಲಿ ಬೆಳೆದುಬಂದಿತು. ಹೀಗೆ ಕೊಟ್ಟ ಔಷಧಿಯ ಒಂದು ಭಾಗ ಮೀನಿನ ಮಾಂಸದಲ್ಲಿ ಉಳಿಯುತ್ತದೆ. ಇದನ್ನೇ ಶೇಷಾಂಶ ಎನ್ನುತ್ತಾರೆ.

2001 ಮತ್ತು 2002ರಲ್ಲಿ ಈ ವಿಷಯ ಪ್ರಯೋಗಾಲಯದಿಂದ ಹೊರಬಂದು ಮಾರುಕಟ್ಟೆಯ ಪ್ರಶ್ನೆಯಾಯಿತು. ಏಷ್ಯಾದ ಹಲವು ದೇಶಗಳಿಂದ ಬಂದ ಸೀಗಡಿಯಲ್ಲಿ ಕ್ಲೋರಾಂಫೆನಿಕಾಲ್ ಹಾಗೂ ನೈಟ್ರೋಫ್ಯುರಾನ್ ಶೇಷಾಂಶಗಳು ಯೂರೋಪಿನ ಪರೀಕ್ಷೆಗಳಲ್ಲಿ ಕಂಡುಬಂದವು. 2001ರ ಸೆಪ್ಟೆಂಬರಿನಲ್ಲಿ ಚೀನಾ ಮತ್ತು ವಿಯೆಟ್ನಾಂ ಸೀಗಡಿಯ ಪ್ರತಿಯೊಂದು ರವಾನೆಯನ್ನೂ ಪರೀಕ್ಷಿಸಬೇಕೆಂದು ಯೂರೋಪಿಯನ್ ಒಕ್ಕೂಟ ಆದೇಶಿಸಿತು. 2002ರ ಜನವರಿಯಲ್ಲಿ ಚೀನಾದ ಪ್ರಾಣಿಜನ್ಯ ಉತ್ಪನ್ನಗಳ ಆಮದನ್ನೇ ತಡೆಯಿತು. ಮೊದಲು ಕಣ್ಣಿಗೆ ಬೀಳದಿದ್ದಷ್ಟು ಸೂಕ್ಷ್ಮ ಪ್ರಮಾಣವನ್ನು ಗುರುತಿಸಬಲ್ಲ ಉಪಕರಣಗಳು ಯೂರೋಪಿನ ಪ್ರಯೋಗಾಲಯಗಳಿಗೆ ಆ ವೇಳೆಗೆ ಬಂದಿದ್ದುದೂ ಈ ಬೆಳವಣಿಗೆಗೆ ಒಂದು ಮುಖ್ಯ ಕಾರಣ.

ಭಾರತದ ಸರಕಿಗೂ ಈ ಬಿಸಿ ತಟ್ಟದೆ ಇರಲಿಲ್ಲ. ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರವು, ಎಂದರೆ ಎಂಪಿಇಡಿಎ, ರಾಷ್ಟ್ರೀಯ ಶೇಷಾಂಶ ನಿಯಂತ್ರಣ ಯೋಜನೆಯನ್ನೂ, ಯೂರೋಪಿಗೆ ಹೋಗುವ ಸೀಗಡಿಗಾಗಿ ಕೊಳದಿಂದ ಹಿಡಿಯುವ ಮುನ್ನವೇ ಪರೀಕ್ಷಿಸಿ ಪ್ರಮಾಣಪತ್ರ ನೀಡುವ ವ್ಯವಸ್ಥೆಯನ್ನೂ ಜಾರಿಗೆ ತಂದಿತು. ಆದರೂ 2016ರಲ್ಲಿ ಯೂರೋಪಿಯನ್ ಒಕ್ಕೂಟವು ಭಾರತದ ಸಾಕಣೆ ಮೀನುಗಾರಿಕಾ ಉತ್ಪನ್ನಗಳ ರವಾನೆಗಳಲ್ಲಿ ಗಡಿಯಲ್ಲಿ ಪರೀಕ್ಷಿಸಬೇಕಾದ ಪಾಲನ್ನು ಶೇ. 10ರಿಂದ ಶೇ. 50ಕ್ಕೆ ಏರಿಸಿತು. ಪರೀಕ್ಷೆಯ ವೆಚ್ಚ, ಬಂದರಿನಲ್ಲಿ ಕಾಯುವ ಬಾಡಿಗೆ, ಹಣ ಕೈಸೇರುವಲ್ಲಿನ ವಿಳಂಬ ಇವೆಲ್ಲವೂ ತಪ್ಪು ಮಾಡದ ರಫ್ತುದಾರನ ಮೇಲೂ ಬೀಳುತ್ತವೆಂಬುದು ಇಂತಹ ಕ್ರಮಗಳ ಸ್ವಭಾವ.

ಎರಡು ವರ್ಗದ ಔಷಧಿಗಳು

ಶೇಷಾಂಶದ ನಿಯಮಗಳನ್ನು ತಿಳಿಯಬೇಕಾದರೆ ಔಷಧಿಗಳಲ್ಲಿ ಎರಡು ವರ್ಗಗಳಿರುವುದನ್ನು ಮೊದಲು ಗಮನಿಸಬೇಕು.

ಮೊದಲನೆಯದು ಮಿತಿಯುಳ್ಳ ಔಷಧಿಗಳ ವರ್ಗ. ಆಕ್ಸಿಟೆಟ್ರಾಸೈಕ್ಲಿನ್ ಇದಕ್ಕೆ ಉತ್ತಮ ಉದಾಹರಣೆ. ಮಾಂಸದಲ್ಲಿ ಇಂತಿಷ್ಟು ಉಳಿದಿದ್ದರೆ ತಿನ್ನುವವರಿಗೆ ಅಪಾಯವಿಲ್ಲವೆಂದು ಲೆಕ್ಕ ಹಾಕಿ ಗರಿಷ್ಠ ಮಿತಿಯನ್ನು ನಿಗದಿಪಡಿಸಲಾಗಿದೆ. ಈ ಮಿತಿ ಎಲ್ಲೆಡೆ ಒಂದೇ ಅಲ್ಲ. ಭಾರತದ ಆಹಾರ ಸುರಕ್ಷತಾ ನಿಯಮಗಳು 2011ರಲ್ಲಿ ಸಮುದ್ರೋತ್ಪನ್ನಗಳಿಗೆ ಗೊತ್ತುಪಡಿಸಿದ ಮಿತಿ ಕಿಲೋಗ್ರಾಮಿಗೆ 0.1 ಮಿಲಿಗ್ರಾಂ, ಎಂದರೆ 100 ಮೈಕ್ರೋಗ್ರಾಂ. ಯೂರೋಪಿನ ಮಿತಿಯೂ 100 ಮೈಕ್ರೋಗ್ರಾಂ. ಅಂತಾರಾಷ್ಟ್ರೀಯ ಕೋಡೆಕ್ಸ್ ಆಯೋಗದ ಮಿತಿ 200. ಅಮೆರಿಕದಲ್ಲಿ ಮೀನಿನ ಮಾಂಸಕ್ಕೆ 2,000 ಮೈಕ್ರೋಗ್ರಾಂವರೆಗೆ ಅವಕಾಶವಿದೆ. ಆದರೆ ಅದೇ ದೇಶದಲ್ಲಿ ಸೀಗಡಿ ಸಾಕಣೆಗೆ ಯಾವ ಪ್ರತಿಜೀವಕಕ್ಕೂ ಅನುಮತಿ ಇಲ್ಲ. ಒಂದೇ ಔಷಧಿ, ಒಂದೇ ಪ್ರಮಾಣ. ಕೊಳ್ಳುವ ದೇಶ ಮತ್ತು ಜೀವಿ ಬದಲಾದರೆ ಫಲಿತಾಂಶದ ಅರ್ಥವೂ ಬದಲಾಗುತ್ತದೆ.

ಎರಡನೆಯದು ನಿಷೇಧಿತ ಔಷಧಿಗಳ ವರ್ಗ. ಕ್ಲೋರಾಂಫೆನಿಕಾಲ್ ಮನುಷ್ಯರಲ್ಲಿ ಅಪರೂಪವಾಗಿ, ಆದರೆ ಪ್ರಾಣಾಂತಿಕವಾಗಿ, ರಕ್ತ ಉತ್ಪತ್ತಿಯನ್ನೇ ನಿಲ್ಲಿಸುವ ಕಾಯಿಲೆಗೆ ಕಾರಣವಾಗಬಲ್ಲದು. ಇದಕ್ಕೆ ಸುರಕ್ಷಿತವೆನ್ನಬಹುದಾದ ಕನಿಷ್ಠ ಪ್ರಮಾಣವನ್ನು ಗೊತ್ತುಪಡಿಸಲಾಗದ ಕಾರಣ 1994ರಲ್ಲಿ ಯೂರೋಪಿಯನ್ ಒಕ್ಕೂಟವು ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಕ್ಯಾನ್ಸರಿಗೆ ಕಾರಣವಾಗಬಹುದೆಂಬ ಆತಂಕದಿಂದ ನೈಟ್ರೋಫ್ಯುರಾನ್ ಗುಂಪಿನ ಔಷಧಿಗಳೂ ನಿಷೇಧಕ್ಕೆ ಒಳಗಾದವು. ಭಾರತದಲ್ಲಿಯೂ ಈ ಎರಡು ಗುಂಪುಗಳು ಮೀನು ಸಾಕಣೆಯಲ್ಲಿ ಬಹುಕಾಲದಿಂದ ನಿಷಿದ್ಧ. 2025ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರ್ಕಾರವು ಆಹಾರಕ್ಕಾಗಿ ಸಾಕುವ ಎಲ್ಲ ಪ್ರಾಣಿಗಳ ಬಳಕೆಗೆಂದು ಇವುಗಳನ್ನು ಆಮದು ಮಾಡುವುದನ್ನೂ ತಯಾರಿಸುವುದನ್ನೂ ಮಾರುವುದನ್ನೂ ನಿಷೇಧಿಸಿತು.

ಮಿತಿಯುಳ್ಳ ಔಷಧಿಗೆ ಕೊಟ್ಟ ದಿನದಿಂದ ಹಿಡಿಯುವ ದಿನದವರೆಗೆ ಕಾಯುವ ಅವಧಿ ಎಂಬುದಿದೆ. ಮೀನು ಶೀತರಕ್ತದ ಜೀವಿಯಾದುದರಿಂದ ಈ ಅವಧಿ ನೀರಿನ ಉಷ್ಣತೆಯನ್ನು ಅವಲಂಬಿಸುತ್ತದೆ. ಅದನ್ನು ‘ಡಿಗ್ರಿ-ದಿನ’ಗಳಲ್ಲಿ ಎಣಿಸುವ ಪದ್ಧತಿ ಇದೆ. ಯೂರೋಪಿನ ಪಶುವೈದ್ಯ ನಿಯಮಗಳಲ್ಲಿ 500 ಡಿಗ್ರಿ-ದಿನ ಎಂಬ ಅಂಕ ಬಹುಕಾಲ ಬಳಕೆಯಲ್ಲಿತ್ತು. ನೀರು 25 ಡಿಗ್ರಿ ಇದ್ದರೆ ಇದು 20 ದಿನ. 8 ಡಿಗ್ರಿಯ ತಣ್ಣೀರಿನಲ್ಲಿ ಎರಡು ತಿಂಗಳಿಗೂ ಮಿಗಿಲು. ಆದರೆ ನಿಷೇಧಿತ ಔಷಧಿಗೆ ಕಾಯುವ ಅವಧಿ ಎಂಬುದೇ ಇಲ್ಲ. ‘ಕೊಟ್ಟು ಒಂದು ತಿಂಗಳಾಯಿತು, ಇನ್ನು ಚಿಂತೆಯಿಲ್ಲ’ ಎಂಬ ಮಾತು ಈ ವರ್ಗಕ್ಕೆ ಅನ್ವಯಿಸುವುದಿಲ್ಲ.

ಶೂನ್ಯದ ಮಿತಿ

ನಿಷೇಧಿತ ವಸ್ತು ಎಂದರೆ ಶೂನ್ಯ ಇರಬೇಕು. ಆದರೆ ಶೂನ್ಯವನ್ನು ಅಳೆಯುವ ಯಂತ್ರ ಜಗತ್ತಿನಲ್ಲಿಲ್ಲ. ಆದುದರಿಂದ ‘ಎಲ್ಲ ಪ್ರಯೋಗಾಲಯಗಳೂ ಕನಿಷ್ಠ ಇಷ್ಟನ್ನಾದರೂ ಗುರುತಿಸಲೇಬೇಕು’ ಎಂಬ ಅಂಕವೊಂದನ್ನು ಯೂರೋಪಿಯನ್ ಒಕ್ಕೂಟವು 2003ರಲ್ಲಿ ಗೊತ್ತುಪಡಿಸಿತು: ಕ್ಲೋರಾಂಫೆನಿಕಾಲ್‌ಗೆ ಕಿಲೋಗ್ರಾಮಿಗೆ 0.3 ಮೈಕ್ರೋಗ್ರಾಂ, ನೈಟ್ರೋಫ್ಯುರಾನ್ ಗುಂಪಿನ ಪ್ರತಿಯೊಂದು ಶೇಷಾಂಶಕ್ಕೆ 1 ಮೈಕ್ರೋಗ್ರಾಂ. ಉಪಕರಣಗಳು ಸುಧಾರಿಸಿದಂತೆ ಈ ಅಂಕಗಳೂ ಕೆಳಗಿಳಿದವು. 2019ರ ನಿಯಮದ ಪ್ರಕಾರ 2022ರ ನವೆಂಬರ್ 28ರಿಂದ ಕ್ಲೋರಾಂಫೆನಿಕಾಲ್‌ಗೆ 0.15, ನೈಟ್ರೋಫ್ಯುರಾನ್ ಶೇಷಾಂಶಗಳಿಗೆ 0.5 ಮೈಕ್ರೋಗ್ರಾಂ ‘ಕ್ರಮ ಕೈಗೊಳ್ಳುವ ಮಟ್ಟ’ವಾಗಿದೆ. ಪ್ರತಿಜೀವಕವಲ್ಲದಿದ್ದರೂ ಮೀನಿನ ಶಿಲೀಂಧ್ರ ರೋಗಕ್ಕೆ ಬಳಸಲಾಗುತ್ತಿದ್ದ ಮ್ಯಾಲಕೈಟ್ ಗ್ರೀನ್ ಎಂಬ ಬಣ್ಣದ ಮಟ್ಟವೂ 2ರಿಂದ 0.5ಕ್ಕೆ ಇಳಿದಿದೆ. 2021ರಲ್ಲಿ ಸರಿಯಾಗಿದ್ದ ವರದಿಯ ನಮೂನೆ ಇಂದು ಸಾಲದು.

ಈ ಅಂಕಗಳು ಎಷ್ಟು ಸಣ್ಣವೆಂಬುದು ಲೆಕ್ಕ ಹಾಕಿದರೆ ಮನದಟ್ಟಾಗುತ್ತದೆ. ಒಂದು ಕಿಲೋಗ್ರಾಮಿನಲ್ಲಿ ಒಂದು ಮೈಕ್ರೋಗ್ರಾಂ ಎಂದರೆ ನೂರು ಕೋಟಿಯಲ್ಲಿ ಒಂದು ಭಾಗ. 20 ಟನ್ ಸೀಗಡಿಯಿರುವ ಕಂಟೇನರ್ 0.15ರ ಮಟ್ಟ ಮುಟ್ಟಲು ಅದರಲ್ಲಿ ಒಟ್ಟು 3 ಮಿಲಿಗ್ರಾಂ ಕ್ಲೋರಾಂಫೆನಿಕಾಲ್ ಇದ್ದರೆ ಸಾಕು. ಔಷಧಿ ಅಂಗಡಿಯಲ್ಲಿ ದೊರೆಯುವ ಒಂದು ಕ್ಯಾಪ್ಸೂಲಿನಲ್ಲಿ 250 ಮಿಲಿಗ್ರಾಂ ಇರುತ್ತದೆ. ಅದು ಸಮನಾಗಿ ಹರಡಿತೆಂದು ಭಾವಿಸಿದರೆ ಸುಮಾರು 1,667 ಟನ್, ಎಂದರೆ 83 ಕಂಟೇನರುಗಳ ಸರಕು ಆ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಇಷ್ಟು ಸೂಕ್ಷ್ಮ ಅಳತೆಯಲ್ಲಿ ಬೇಕೆಂದೇ ಔಷಧಿ ಕೊಟ್ಟವನಷ್ಟೇ ಅಲ್ಲ, ಅಜಾಗರೂಕನಾದವನೂ ಸಿಕ್ಕಿಬೀಳುತ್ತಾನೆ.

ಮಾದರಿ ಸಂಗ್ರಹ: ಮೊದಲ ತಪ್ಪಿನ ಜಾಗ

ಎಷ್ಟೇ ಬೆಲೆಬಾಳುವ ಯಂತ್ರವಾದರೂ ತನ್ನ ಮುಂದಿಟ್ಟ ಕೆಲವು ಗ್ರಾಂ ಮಾಂಸದ ಬಗ್ಗೆ ಮಾತ್ರ ಹೇಳಬಲ್ಲದು. ಆ ಕೆಲವು ಗ್ರಾಂ ಇಡೀ ಸರಕನ್ನು ಪ್ರತಿನಿಧಿಸುತ್ತದೆಯೇ ಎಂಬುದು ಮಾದರಿ ತೆಗೆದವನ ಹೊಣೆ.

ಕೊಳದ ಒಂದೇ ಮೂಲೆಯಲ್ಲಿ ಬಲೆ ಬೀಸಿ ತೆಗೆದ ಮಾದರಿ ಸಾಲದು. ಹಲವು ಕಡೆಗಳಿಂದ ತೆಗೆದು ಒಟ್ಟುಗೂಡಿಸಬೇಕು. ಪ್ರಯೋಗಾಲಯದಲ್ಲಿ ಅದನ್ನು ಪೂರ್ತಿಯಾಗಿ ಅರೆದು ಏಕರೂಪಗೊಳಿಸಿದ ನಂತರವೇ ತೂಕ ಮಾಡಬೇಕು. ಹಿಡಿಯುವ ಮುನ್ನ ಮಾಡಿಸಿದ ಪರೀಕ್ಷೆಗೂ ಹಿಡಿದ ದಿನಕ್ಕೂ ನಡುವೆ ಕೊಳಕ್ಕೆ ಏನು ಬಿತ್ತೆಂಬುದನ್ನು ವರದಿ ಹೇಳುವುದಿಲ್ಲ. ಈ ನಡುವಿನ ದಿನಗಳಲ್ಲಿ ರೋಗ ಕಾಣಿಸಿಕೊಂಡು ರೈತ ಔಷಧಿ ಸುರಿದಿದ್ದರೆ ಕೈಯಲ್ಲಿರುವ ಪ್ರಮಾಣಪತ್ರ ಹಳೆಯ ಕೊಳದ್ದಾಗುತ್ತದೆ.

ಹಲವು ಕೊಳಗಳ ಸರಕನ್ನು ಬೆರೆಸುವಲ್ಲಿ ಇನ್ನೊಂದು ಅಪಾಯವಿದೆ. ಒಂದು ಕೊಳದ 500 ಕಿಲೋ ಸೀಗಡಿಯಲ್ಲಿ ಕಿಲೋಗ್ರಾಮಿಗೆ 2 ಮೈಕ್ರೋಗ್ರಾಂ ಕ್ಲೋರಾಂಫೆನಿಕಾಲ್ ಇದ್ದು, ಅದನ್ನು ಶುದ್ಧವಾದ 9,500 ಕಿಲೋದೊಂದಿಗೆ ಸೇರಿಸಿದರೆ ಸರಾಸರಿ 0.1 ಆಗುತ್ತದೆ, ಕಾಗದದ ಮೇಲೆ ಸರಕು ಪಾರಾಗುತ್ತದೆ. ಆದರೆ ಸೀಗಡಿ ನೀರಿನಂತೆ ಬೆರೆಯುವ ಪದಾರ್ಥವಲ್ಲ. ಆಮದು ಬಂದರಿನ ಅಧಿಕಾರಿ ಬಿಚ್ಚಿದ ಪೆಟ್ಟಿಗೆ ಆ 500 ಕಿಲೋದ ಪೈಕಿಯದಾಗಿದ್ದರೆ ಅಲ್ಲಿ ಕಾಣುವುದು 0.1 ಅಲ್ಲ, 2. ಹತ್ತು ಟನ್ ಸರಕು 500 ಕಿಲೋಗಾಗಿ ಹೋಗುತ್ತದೆ. ಪ್ರತಿ ಕೊಳದ ಸರಕನ್ನು ಪ್ರತ್ಯೇಕ ಸಂಕೇತದೊಂದಿಗೆ ಇಟ್ಟು, ಬೆರೆಸುವ ಮುನ್ನವೇ ಪರೀಕ್ಷಿಸುವುದೇ ಇದಕ್ಕಿರುವ ಪರಿಹಾರ.

ಪ್ರಾಥಮಿಕ ಶೋಧ: ಎಲಿಸಾ

ಹೆಚ್ಚು ಮಾದರಿಗಳನ್ನು ಕಡಿಮೆ ಖರ್ಚಿನಲ್ಲಿ ಜರಡಿ ಹಿಡಿಯಲು ಬಳಸುವ ವಿಧಾನ ಎಲಿಸಾ. 96 ಸಣ್ಣ ಗುಳಿಗಳುಳ್ಳ ಪ್ಲಾಸ್ಟಿಕ್ ತಟ್ಟೆಯಲ್ಲಿ, ನಿರ್ದಿಷ್ಟ ಔಷಧಿಯನ್ನು ಮಾತ್ರ ಹಿಡಿದುಕೊಳ್ಳುವ ಪ್ರತಿಕಾಯಗಳನ್ನು ಬಳಸಲಾಗುತ್ತದೆ. ಮಾದರಿಯಲ್ಲಿರುವ ಔಷಧಿಯೂ, ಬಣ್ಣ ಬರಿಸುವ ಕಿಣ್ವದೊಂದಿಗೆ ಜೋಡಿಸಿ ಸೇರಿಸಿದ ಅದೇ ಔಷಧಿಯೂ ಆ ಪ್ರತಿಕಾಯಗಳಿಗಾಗಿ ಸ್ಪರ್ಧಿಸುತ್ತವೆ. ಮಾದರಿಯಲ್ಲಿ ಔಷಧಿ ಹೆಚ್ಚಿದ್ದಷ್ಟೂ ಬಣ್ಣ ಮಂಕಾಗುತ್ತದೆ. ಬಣ್ಣದ ತೀವ್ರತೆಯನ್ನು ಯಂತ್ರ ಓದಿ ಪ್ರಮಾಣವನ್ನು ಅಂದಾಜು ಮಾಡುತ್ತದೆ.

ಈ ವಿಧಾನ ವೇಗವಾದುದು, ಅಗ್ಗವಾದುದು. ಆದರೆ ಇದಕ್ಕೆ ತನ್ನದೇ ಮಿತಿಗಳಿವೆ. ರಚನೆಯಲ್ಲಿ ಹೋಲುವ ಬೇರೆ ವಸ್ತುವನ್ನೂ ಪ್ರತಿಕಾಯ ಹಿಡಿದುಕೊಳ್ಳಬಹುದು. ಮಾಂಸದ ಕೊಬ್ಬು, ಬಣ್ಣ ಮುಂತಾದವು ಅಡ್ಡಿಪಡಿಸಬಹುದು. ಆದುದರಿಂದ ಎಲಿಸಾದಲ್ಲಿ ‘ಇದೆ’ ಎಂದು ಬಂದುದನ್ನು ಅಂತಿಮ ತೀರ್ಪೆಂದು ಪರಿಗಣಿಸದೆ, ‘ಸಂಶಯಾಸ್ಪದ’ ಎಂದು ಭಾವಿಸಿ ದೃಢೀಕರಣ ಪರೀಕ್ಷೆಗೆ ಕಳುಹಿಸಬೇಕು. ಶೋಧ ವಿಧಾನವೊಂದು ಕಲುಷಿತ ಮಾದರಿಯನ್ನು ತಪ್ಪಾಗಿ ಶುದ್ಧವೆಂದು ಬಿಟ್ಟುಬಿಡುವ ಸಂಭವ ಶೇ. 5ಕ್ಕಿಂತ ಹೆಚ್ಚಿರಬಾರದೆಂಬುದು ಯೂರೋಪಿನ ನಿಯಮ. ಬೇರೆ ಮಾತಿನಲ್ಲಿ, ಒಳ್ಳೆಯ ಶೋಧ ವಿಧಾನದಲ್ಲೂ ಮಟ್ಟದ ಆಸುಪಾಸಿನಲ್ಲಿರುವ ನೂರು ಕಲುಷಿತ ಮಾದರಿಗಳಲ್ಲಿ ಐದು ನುಸುಳಿಹೋಗಬಹುದು.

ದೃಢೀಕರಣ: ದ್ರವ ಕ್ರೊಮಟೋಗ್ರಫಿ ಮತ್ತು ದ್ರವ್ಯರಾಶಿ ಮಾಪನ

ನ್ಯಾಯಾಲಯದಲ್ಲಿಯೂ ನಿಲ್ಲಬಲ್ಲ ಪರೀಕ್ಷೆಯನ್ನು ಎಲ್‌ಸಿ-ಎಂಎಸ್/ಎಂಎಸ್ ಎಂಬ ಉಪಕರಣದಿಂದ ಮಾಡಲಾಗುತ್ತದೆ. ಇದರ ಕೆಲಸವನ್ನು ಮೂರು ಹಂತಗಳಲ್ಲಿ ತಿಳಿಯಬಹುದು.

ಮೊದಲು ಅರೆದ ಮಾಂಸದಿಂದ ಔಷಧಿಯನ್ನು ದ್ರಾವಕದಲ್ಲಿ ಎಳೆದುಕೊಂಡು, ಕೊಬ್ಬು ತೆಗೆದು ಶುದ್ಧೀಕರಿಸಲಾಗುತ್ತದೆ. ಎರಡನೆಯದಾಗಿ ಈ ದ್ರವವನ್ನು ಒತ್ತಡದಲ್ಲಿ ಒಂದು ಸಣ್ಣ ಕೊಳವೆಯ ಮೂಲಕ ಹಾಯಿಸಿದಾಗ ಪ್ರತಿಯೊಂದು ವಸ್ತುವೂ ತನ್ನದೇ ನಿರ್ದಿಷ್ಟ ಸಮಯಕ್ಕೆ ಹೊರಬರುತ್ತದೆ. ಮೂರನೆಯದಾಗಿ, ಹೊರಬಂದ ಅಣುವಿಗೆ ವಿದ್ಯುದಾವೇಶ ಕೊಟ್ಟು, ಅದರ ದ್ರವ್ಯರಾಶಿಯನ್ನು ಗುರುತಿಸಿ, ಬಳಿಕ ಅದನ್ನು ಒಡೆದು ಚೂರುಗಳ ದ್ರವ್ಯರಾಶಿಯನ್ನೂ ನೋಡಲಾಗುತ್ತದೆ. ಕ್ಲೋರಾಂಫೆನಿಕಾಲ್‌ನ 321 ಎಂಬ ದ್ರವ್ಯರಾಶಿಯ ಅಯಾನು ಒಡೆದಾಗ 152 ಮತ್ತು 257ರ ಚೂರುಗಳು ಸಿಗುತ್ತವೆ. ಹೊರಬರುವ ಸಮಯ, ಎರಡು ಚೂರುಗಳು ಮತ್ತು ಆ ಚೂರುಗಳ ಪರಸ್ಪರ ಅನುಪಾತ, ಇವೆಲ್ಲವೂ ಶುದ್ಧ ಮಾದರಿಯೊಂದಿಗೆ ತಾಳೆಯಾದರೆ ಮಾತ್ರ ‘ಇದು ಅದೇ’ ಎಂದು ಘೋಷಿಸಲಾಗುತ್ತದೆ. ಮನುಷ್ಯನನ್ನು ಹೆಸರಿನಿಂದಷ್ಟೇ ಗುರುತಿಸದೆ ಮುಖ, ಸಹಿ, ಬೆರಳಚ್ಚು ಮೂರನ್ನೂ ನೋಡಿ ಗುರುತಿಸಿದಂತೆ.

ಶುದ್ಧೀಕರಣದ ಹಾದಿಯಲ್ಲಿ ಔಷಧಿಯ ಒಂದಂಶ ನಷ್ಟವಾಗುವುದು ಸಹಜ. ಈ ನಷ್ಟವನ್ನು ಸರಿದೂಗಿಸಲು, ಅದೇ ಔಷಧಿಯ ತುಸು ಭಾರವಾದ ರೂಪವನ್ನು ತಿಳಿದ ಪ್ರಮಾಣದಲ್ಲಿ ಮೊದಲೇ ಮಾದರಿಗೆ ಸೇರಿಸಲಾಗುತ್ತದೆ. ಅದು ಎಷ್ಟು ಕಳೆದುಹೋಯಿತೋ ಮೂಲ ಔಷಧಿಯೂ ಅಷ್ಟೇ ಪಾಲು ಕಳೆದಿರಬೇಕೆಂಬುದು ಲೆಕ್ಕ. ಇದಿಲ್ಲದ ಪರೀಕ್ಷೆಯ ಅಂಕವನ್ನು ನಂಬುವುದು ಕಷ್ಟ.

ನೈಟ್ರೋಫ್ಯುರಾನಿನ ವಿಶೇಷ ಸಮಸ್ಯೆ

ನೈಟ್ರೋಫ್ಯುರಾನ್ ಔಷಧಿಯನ್ನು ಮೀನಿನ ಮಾಂಸದಲ್ಲಿ ಹುಡುಕಿದರೆ ಬಹುಮಟ್ಟಿಗೆ ಸಿಗುವುದೇ ಇಲ್ಲ. ಅದು ದೇಹದಲ್ಲಿ ಬೇಗನೆ ಒಡೆದುಹೋಗಿ, ಅದರ ಚೂರುಗಳು ಮಾಂಸದ ಪ್ರೋಟೀನಿಗೆ ಅಂಟಿಕೊಂಡು ವಾರಗಟ್ಟಲೆ ಉಳಿಯುತ್ತವೆ. ಹೆಪ್ಪುಗಟ್ಟಿಸಿದರೂ ಬೇಯಿಸಿದರೂ ಅವುಗಳ ಬಹುಪಾಲು ಹೋಗುವುದಿಲ್ಲ. ಆದುದರಿಂದ ಪ್ರಯೋಗಾಲಯಗಳು ಈ ಚೂರುಗಳನ್ನೇ ಅಳೆಯುತ್ತವೆ: ಫ್ಯುರಾಝೊಲಿಡೋನ್‌ಗೆ ಎಒಝಡ್, ಫ್ಯುರಾಲ್ಟಡೋನ್‌ಗೆ ಎಎಂಒಝಡ್, ನೈಟ್ರೋಫ್ಯುರಾಂಟೋಯಿನ್‌ಗೆ ಎಎಚ್‌ಡಿ, ನೈಟ್ರೋಫ್ಯುರಾಝೋನ್‌ಗೆ ಸೆಮಿಕಾರ್ಬಝೈಡ್. ಮಾಂಸವನ್ನು ದುರ್ಬಲ ಆಮ್ಲದಲ್ಲಿಟ್ಟು ಚೂರುಗಳನ್ನು ಬಿಡಿಸಿ, ಯಂತ್ರಕ್ಕೆ ಸುಲಭವಾಗಿ ಕಾಣುವಂತೆ ಇನ್ನೊಂದು ರಾಸಾಯನಿಕದೊಂದಿಗೆ ಜೋಡಿಸಲು ಸಾಮಾನ್ಯವಾಗಿ 37 ಡಿಗ್ರಿಯಲ್ಲಿ ಒಂದು ರಾತ್ರಿ ಇಡಬೇಕಾಗುತ್ತದೆ. ‘ಇಂದೇ ವರದಿ ಕೊಡಿ’ ಎಂದು ಒತ್ತಾಯಿಸುವ ವರ್ತಕರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಸೆಮಿಕಾರ್ಬಝೈಡ್ ವಿಷಯದಲ್ಲಿ ಇನ್ನೊಂದು ತೊಡಕಿದೆ. ಇದು ಔಷಧಿಯಿಂದ ಮಾತ್ರ ಬರುವ ವಸ್ತುವಲ್ಲ. ಗಾಜಿನ ಬಾಟಲಿಗಳ ಲೋಹದ ಮುಚ್ಚಳದ ಒಳಪದರದಲ್ಲಿ ಬಳಸುತ್ತಿದ್ದ ಅಝೋಡೈಕಾರ್ಬನಮೈಡ್ ಎಂಬ ರಾಸಾಯನಿಕದಿಂದ ಅದು ಆಹಾರಕ್ಕೆ ಇಳಿಯುತ್ತದೆಂಬುದು 2003ರಲ್ಲಿ ಯೂರೋಪಿನಲ್ಲಿ ಬೆಳಕಿಗೆ ಬಂದಿತು. ಸಿಹಿನೀರಿನ ಸೀಗಡಿಯಂತಹ ಚಿಪ್ಪುಜೀವಿಗಳ ಚಿಪ್ಪಿನಲ್ಲಿ ಅದು ಸಹಜವಾಗಿಯೇ ಇರುವುದನ್ನೂ ಅಧ್ಯಯನಗಳು ತೋರಿಸಿದವು. ಬಾಂಗ್ಲಾದೇಶವು 2009ರಲ್ಲಿ ನೈಟ್ರೋಫ್ಯುರಾನ್ ಶೇಷಾಂಶದ ಕಾರಣದಿಂದ ಯೂರೋಪಿಗೆ ಸಿಹಿನೀರಿನ ಸೀಗಡಿ ರಫ್ತನ್ನು ಕೆಲವು ತಿಂಗಳ ಕಾಲ ತಾನೇ ನಿಲ್ಲಿಸಬೇಕಾಯಿತು. ಕ್ರೇಫಿಶ್ ಎಂಬ ಚಿಪ್ಪುಜೀವಿಯಲ್ಲಿ ಸೆಮಿಕಾರ್ಬಝೈಡ್ ಸಹಜವಾಗಿರುವುದನ್ನು ಯೂರೋಪಿನ 2019ರ ನಿಯಮವೂ ಒಪ್ಪಿ ಷರಾ ಸೇರಿಸಿದೆ. ಆದುದರಿಂದ ಸೀಗಡಿಯಲ್ಲಿ ಈ ಒಂದೇ ವಸ್ತು ಕಂಡುಬಂದರೆ, ಮಾದರಿ ತಯಾರಿಸುವಾಗ ಚಿಪ್ಪು ಸೇರಿತ್ತೇ, ಒಳಮಾಂಸವನ್ನು ಮಾತ್ರ ತೆಗೆದಿದ್ದರೇ ಎಂದು ವಿಚಾರಿಸಿ ಮರುಪರೀಕ್ಷೆ ಕೇಳುವುದು ರಫ್ತುದಾರನ ನ್ಯಾಯವಾದ ಹಕ್ಕು. ಅಳತೆಯ ಒಳಗುಟ್ಟನ್ನು ತಿಳಿದವನಿಗೆ ಮಾತ್ರ ಈ ಪ್ರಶ್ನೆ ಹೊಳೆಯುತ್ತದೆ.

ವರದಿ ಕೈಸೇರಿದಾಗ ನೋಡಬೇಕಾದ ಅಂಶಗಳು

1. ವಿಧಾನ: ಎಲಿಸಾ ಎಂದಿದೆಯೇ, ಎಲ್‌ಸಿ-ಎಂಎಸ್/ಎಂಎಸ್ ಎಂದಿದೆಯೇ? ಮೊದಲನೆಯದು ಶೋಧ, ಎರಡನೆಯದು ದೃಢೀಕರಣ.

2. ಮಿತಿ: ‘ಪತ್ತೆಯಾಗಿಲ್ಲ’ ಎಂಬುದರ ಪಕ್ಕದಲ್ಲಿ ಎಷ್ಟರ ಕೆಳಗೆ ಎಂಬ ಅಂಕವಿದೆಯೇ? ಆ ಅಂಕ ಕೊಳ್ಳುವ ದೇಶದ ಇಂದಿನ ಮಟ್ಟಕ್ಕಿಂತ ಹೆಚ್ಚಿರಬಾರದು. ಅಂಕವಿಲ್ಲದ ವರದಿಯನ್ನು ಹಿಂದಿರುಗಿಸಿ ಬರೆಸಿಕೊಳ್ಳಬೇಕು.

3. ಘಟಕ: ಮಿಲಿಗ್ರಾಮೇ, ಮೈಕ್ರೋಗ್ರಾಮೇ? ಇವೆರಡರ ನಡುವೆ ಸಾವಿರ ಪಟ್ಟಿನ ಅಂತರವಿದೆ. ಒಂದು ಪಿಪಿಎಂ ಎಂದರೆ ಕಿಲೋಗ್ರಾಮಿಗೆ ಒಂದು ಮಿಲಿಗ್ರಾಂ. ಒಂದು ಪಿಪಿಬಿ ಎಂದರೆ ಒಂದು ಮೈಕ್ರೋಗ್ರಾಂ.

4. ಮಾನ್ಯತೆ: ಪ್ರಯೋಗಾಲಯಕ್ಕೆ ಐಎಸ್‌ಒ 17025 ಪ್ರಕಾರ ಎನ್‌ಎಬಿಎಲ್ ಮಾನ್ಯತೆ ಇದೆ ಎಂದರಷ್ಟೇ ಸಾಲದು. ಈ ಪರೀಕ್ಷೆ, ಈ ಪದಾರ್ಥ, ಈ ಮಟ್ಟ ಮಾನ್ಯತೆಯ ವ್ಯಾಪ್ತಿಪಟ್ಟಿಯಲ್ಲಿ ಇವೆಯೇ ಎಂದು ನೋಡಬೇಕು. ನೀರಿನ ಪರೀಕ್ಷೆಗೆ ಪಡೆದ ಮಾನ್ಯತೆ ಸೀಗಡಿಗೆ ಸಲ್ಲದು.

5. ಅನಿಶ್ಚಿತತೆ: ಆಕ್ಸಿಟೆಟ್ರಾಸೈಕ್ಲಿನ್ 92, ಹೆಚ್ಚುಕಡಿಮೆ 15 ಎಂದಿದ್ದರೆ ನಿಜವಾದ ಪ್ರಮಾಣ 77ರಿಂದ 107ರ ನಡುವೆ ಎಲ್ಲಿಯಾದರೂ ಇರಬಹುದು. ಮಿತಿ 100 ಇರುವಾಗ ಇಂತಹ ಸರಕನ್ನು ಸುರಕ್ಷಿತವೆಂದು ಭಾವಿಸುವಂತಿಲ್ಲ.

6. ಮಾದರಿಯ ವಿವರ: ಕೊಳದ ಸಂಕೇತ, ತೆಗೆದ ದಿನಾಂಕ, ತೆಗೆದವರು ಯಾರು, ಪ್ರಯೋಗಾಲಯ ತಲುಪಿದಾಗ ಯಾವ ಸ್ಥಿತಿಯಲ್ಲಿತ್ತು ಎಂಬುದು ನಮೂದಾಗಿರಬೇಕು. ‘ಗ್ರಾಹಕರು ತಂದುಕೊಟ್ಟ ಮಾದರಿ’ ಎಂದಿರುವ ವರದಿ ಆ ಚೀಲಕ್ಕೆ ಮಾತ್ರ ಅನ್ವಯಿಸುತ್ತದೆ, ಗೋದಾಮಿನಲ್ಲಿರುವ ಸರಕಿಗಲ್ಲ.

7. ಉಳಿಸಿಟ್ಟ ಮಾದರಿ: ಅದೇ ಮಾದರಿಯ ಒಂದು ಭಾಗವನ್ನು ಮೊಹರು ಮಾಡಿ ಶೀತಲಗೃಹದಲ್ಲಿ ಇಡಬೇಕು. ವಿವಾದ ಬಂದಾಗ ರಫ್ತುದಾರನ ಪರವಾಗಿ ಮಾತನಾಡುವ ಸಾಕ್ಷಿ ಅದೊಂದೇ.

ಸಣ್ಣ ತಯಾರಕರ ಪಾಲು

ಶೇಷಾಂಶವೆಂದರೆ ಸಾಕಣೆದಾರನ ತಪ್ಪು ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಮೇಲಿನ ಲೆಕ್ಕವನ್ನು ನೋಡಿದವರಿಗೆ ದಾರಿಗಳು ಬೇರೆಯೂ ಇವೆಯೆಂಬುದು ತಿಳಿಯುತ್ತದೆ. ಕಣ್ಣಿಗೆ ಹಚ್ಚುವ ಶೇ. 1ರ ಕ್ಲೋರಾಂಫೆನಿಕಾಲ್ ಮುಲಾಮಿನ ಒಂದು ಗ್ರಾಮಿನಲ್ಲಿ 10 ಮಿಲಿಗ್ರಾಂ ಔಷಧಿ ಇರುತ್ತದೆ. ಒಂದು ಕಂಟೇನರಿಗೆ 3 ಮಿಲಿಗ್ರಾಂ ಸಾಕು. ಸುಟ್ಟ ಗಾಯಕ್ಕೆ ಹಚ್ಚುವ ನೈಟ್ರೋಫ್ಯುರಾಝೋನ್ ಮುಲಾಮೂ ಹೀಗೆಯೇ. ಸಿಪ್ಪೆ ಸುಲಿಯುವ ಕೈಗಳಲ್ಲಿ ಗಾಯವಾಗುವುದು ಸಹಜ. ಅಂತಹ ಕಾರ್ಮಿಕರಿಗೆ ಯಾವ ಔಷಧಿ ಹಚ್ಚಬೇಕು, ಗುಣವಾಗುವವರೆಗೆ ಯಾವ ಕೆಲಸ ಕೊಡಬೇಕು ಎಂಬುದನ್ನು ಲಿಖಿತವಾಗಿ ಗೊತ್ತುಪಡಿಸುವುದು ಘಟಕದ ಮಾಲೀಕರ ಕರ್ತವ್ಯ. ಇದಕ್ಕಾಗಿ ಅವರ ಕೂಲಿಯನ್ನು ಕಡಿತಗೊಳಿಸಿದರೆ ಗಾಯವನ್ನು ಮುಚ್ಚಿಟ್ಟುಕೊಂಡೇ ಕೆಲಸಕ್ಕೆ ಬರುತ್ತಾರೆಂಬುದನ್ನು ಮರೆಯಬಾರದು.

ಕರಾವಳಿ ಕರ್ನಾಟಕದಲ್ಲಿ ಮೀನು ಹುಡಿ ಮತ್ತು ಮೀನೆಣ್ಣೆ ತಯಾರಿಸುವ ಘಟಕಗಳಿವೆ. ಇವುಗಳ ಉತ್ಪನ್ನ ಜಲಕೃಷಿಯ ಆಹಾರಕ್ಕೆ ಕಚ್ಚಾವಸ್ತು. ಆಹಾರ, ಖನಿಜ ಮಿಶ್ರಣ, ‘ಬೆಳವಣಿಗೆ ವರ್ಧಕ’ ಇವುಗಳನ್ನು ತಯಾರಿಸುವವರೂ ಮಾರುವವರೂ ಕಚ್ಚಾವಸ್ತುವಿನ ಪ್ರತಿ ತಂಡದ ಪರೀಕ್ಷಾ ವರದಿಯನ್ನು ಕೇಳಿ ಪಡೆಯಬೇಕು. ಔಷಧಿ ಬೆರೆಸಿದ ಪಶು ಆಹಾರವನ್ನೂ ಮೀನಿನ ಆಹಾರವನ್ನೂ ಒಂದೇ ಯಂತ್ರದಲ್ಲಿ ತಯಾರಿಸಿದರೆ ಉಳಿದ ಹುಡಿಯೇ ಸಾಕು, ಕೊಳದ ರೈತನಿಗೆ ತಿಳಿಯದಂತೆಯೇ ಅವನ ಸರಕು ಕೆಡಲು. ಪ್ಯಾಕೆಟ್ಟಿನ ಮೇಲೆ ಘಟಕಾಂಶಗಳ ಪಟ್ಟಿ ಇಲ್ಲದ ಪುಡಿ ಹಾಗೂ ದ್ರಾವಣಗಳನ್ನು, ಎಷ್ಟೇ ಅಗ್ಗವಾಗಿದ್ದರೂ, ಸಾಕಣೆದಾರರಿಗೆ ಮಾರದಿರುವುದು ವರ್ತಕರ ಹಿತಕ್ಕೇ ಒಳ್ಳೆಯದು. ಸರಕು ತಿರಸ್ಕೃತವಾದಾಗ ವಿಚಾರಣೆ ಕೊಳದಿಂದ ಹಿಂದಕ್ಕೆ, ಆಹಾರ ಮಾರಿದ ಅಂಗಡಿಯವರೆಗೂ ಸಾಗುತ್ತದೆ.

ಒಳನಾಡಿನ ಮಾರುಕಟ್ಟೆಯಲ್ಲಿ ರೋಹು, ಕಾಟ್ಲಾ ಮಾರುವವರು ‘ಇದು ರಫ್ತಿನವರ ಚಿಂತೆ’ ಎಂದು ಸುಮ್ಮನಿರುವಂತಿಲ್ಲ. ದೇಶದೊಳಗೆ ಮಾರುವ ಮೀನಿಗೂ ಆಹಾರ ಸುರಕ್ಷತಾ ಕಾನೂನು ಅನ್ವಯಿಸುತ್ತದೆ. ಪ್ರತಿಜೀವಕಗಳ ಅತಿಬಳಕೆಯಿಂದ ಔಷಧಿಗೆ ಬಗ್ಗದ ರೋಗಾಣುಗಳು ಹೆಚ್ಚುತ್ತಿರುವುದು ಮನುಷ್ಯರ ಚಿಕಿತ್ಸೆಗೇ ಕುತ್ತಾಗಿದೆ. ಮೀನನ್ನು ಊಟ ಮಾಡುವವರು ನಮ್ಮವರೇ.

ಸಮಾರೋಪ

ಪರೀಕ್ಷೆಗೆ ತಗಲುವ ಹಣವನ್ನು ವ್ಯರ್ಥ ಖರ್ಚೆಂದು ಬರೆದಿಡುವ ಲೆಕ್ಕ ಪುಸ್ತಕಗಳು ಇನ್ನೂ ಇವೆ. ಒಂದು ಕೊಳದ ಮಾದರಿಯನ್ನು ಬೆರೆಸುವ ಮುನ್ನ ಪರೀಕ್ಷಿಸಿದರೆ ಹೋಗುವುದು ಒಂದು ಪರೀಕ್ಷೆಯ ಶುಲ್ಕ. ಪರೀಕ್ಷಿಸದೆ ಬೆರೆಸಿದರೆ ಹೋಗಬಹುದಾದುದು ಸರಕು, ಎರಡು ಕಡೆಯ ಹಡಗು ಬಾಡಿಗೆ ಮತ್ತು ಖರೀದಿದಾರನ ವಿಶ್ವಾಸ. ಒಬ್ಬನ ಸರಕು ತಿರಸ್ಕೃತವಾದರೆ ತಪಾಸಣೆಯ ಭಾರ ಇಡೀ ದೇಶದ ರಫ್ತಿನ ಮೇಲೆ ಬೀಳುತ್ತದೆಂಬುದನ್ನು 2016ರ ಅನುಭವ ತೋರಿಸಿಕೊಟ್ಟಿದೆ.

ಶೂನ್ಯದ ಅಂಕ 0.3ರಿಂದ 0.15ಕ್ಕೆ ಇಳಿದಂತೆ ಮುಂದೆಯೂ ಇಳಿಯಬಹುದು. ಅದರ ಬೆನ್ನು ಹತ್ತಿ ಯಂತ್ರ ಕೊಳ್ಳುವುದು ಎಲ್ಲ ಸಣ್ಣ ಉದ್ಯಮಿಗಳಿಗೂ ಸಾಧ್ಯವಿಲ್ಲ. ಆದರೆ ಕೊಳ್ಳುವ ದೇಶದ ಮಟ್ಟವನ್ನು ಪ್ರತಿ ಹಂಗಾಮಿನ ಆರಂಭದಲ್ಲಿ ವಿಚಾರಿಸಿ ತಿಳಿಯುವುದು, ಕೊಳವಾರು ದಾಖಲೆ ಇಡುವುದು, ವರದಿಯ ‘ಪತ್ತೆಯಾಗಿಲ್ಲ’ ಎಂಬ ಮಾತಿನ ಮುಂದಿನ ಅಂಕವನ್ನು ಬೆರಳಿಟ್ಟು ಓದುವುದು, ಇವಕ್ಕೆ ಹೆಚ್ಚಿನ ಬಂಡವಾಳ ಬೇಕಿಲ್ಲ. ಮುಂದಿನ ವರದಿ ಕೈಗೆ ಬಂದಾಗ ಆ ಅಂಕವನ್ನು ಹುಡುಕುವುದರಿಂದಲೇ ಈ ಕೆಲಸವನ್ನು ಆರಂಭಿಸಬಹುದು.